ಜಪಾನದ ಅಜ್ಜಾರ ಪಾದುಕಿ

ಮೊನ್ನೆ ನನ್ನ ಹೊಚ್ಚಹೊಸ ಗಂಡ ಮೊಬೈಲಿನಲ್ಲಿ ಜಪಾನಿನ ಮರದ ಚಪ್ಪಲಿಗಳ ಫೋಟೋ ತೋರಿಸಿದ. ನಾನು ಖುಷಿಗೆ ಕಿರುಚಿಯೇಬಿಟ್ಟೆ! ಇಂಥವೇ ಲಕ್ಷ್ಮೇಶ್ವರದ ಅಜ್ಜಿಮನೆಯ ದೇವರ ಜಗಲಿಯ ಮೇಲಿದ್ದವು. ಅಡಿಯಲ್ಲಿ ಎರಡು ಹಲ್ಲು, ಮೇಲೆ ಕೆಂಪು ಬಟ್ಟೆಯ ಪಟ್ಟಿ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಅಂತಾರೆ. ಇವು ‘ಜಪಾನದ ಅಜ್ಜಾರ ಪಾದುಕಿ’ ಎಂದು ಅಜ್ಜಿ ದಿನಾ ವಿಭೂತಿ ಹಚ್ಚಿ ಹೂವಿಡುತ್ತಿದ್ದಳು. ನಾವೆಲ್ಲ ಕೈ ಮುಗಿಯುತ್ತಿದ್ದೆವು.

ಒಂದು ದಿನ ಟಿವಿಯಲ್ಲಿ ಜಪಾನಿನ ಹೆಂಗಸೊಬ್ಬಳು ಅಂಥವನ್ನೇ ಮೆಟ್ಟಿಕೊಂಡು ಟಕಟಕ ನಡೆದಳು.

“ಅಯ್ಯ ಯವ್ವಾ, ಇವು ಚಪ್ಪಲ್ ಅದಾವ! ಹೊರಗ ಒಗೀತೀನಿ,” ಎಂದು ಅಜ್ಜಿಯ ಸೊಸೆ, ನಮ್ಮ ಚಿಗವ್ವ ಎದ್ದಳು.

ಅಜ್ಜಿ ಅವನ್ನು ಎದೆಗೆ ಅವುಚಿಕೊಂಡಳು. “ನನಗ ಗೊತ್ತೈತಿ ಬಿಡ. ಸ್ವಾತಂತ್ರ್ಯ ಬಂದಾಗ, ಜಪಾನಕ್ಕ ಹೋಗಿದ್ದ ದಂಡಿನಾಗಿದ್ದ ನಿಮ್ಮ ಮಾವಾರು ನನಗಂತ ತಂದಿದ್ರು. ಅತ್ತಿ ಮುಂದ ಸೊಸಿ ಚಪ್ಪಲ್ ಮೆಟ್ಟೂದು ಎಲ್ಲಿತ್ತು? ಕಂಡಿದ್ರ ಒಲಿಗೆ ಹಾಕ್ತಿದ್ಲು. ಅದಕ್ಕ ಅಜ್ಜಾರ ಪಾದುಕಿ ಅಂದೆ. ಮೊದಲ ಕೈ ಮುಗಿದಾಕಿ ಆಕೀನ!”

“ಒಮ್ಮೆರ ಮೆಟ್ಟೀರೇನು?” ಚಿಗವ್ವ ಕೇಳಿದಳು.

“ಇಲ್ಲ.”

“ಹಂಗಾರ ಕಾಲು ಚಾಚ್ರಿ.”

ಚಿಗವ್ವನ ಕೈ ಹಿಡಿದು ಅಜ್ಜಿ ಅಂಗಳದ ತುಂಬ ಓಡಾಡಿದಳು, ಮದುಮಗಳ ಹಾಗೆ ನಾಚಿಕೊಂಡು.

ನಾನೀಗ ಎರಡು ಜೊತೆ ತರಿಸಿದ್ದೇನೆ. ಒಂದು ನನಗೆ, ಒಂದು ನಮ್ಮ ಅತ್ತೆಗೆ.