ನಿನ್ನ ಕೈ ಬೆಚ್ಚಗಿತ್ತು

ಮಂಗಳಾ, ನಿನ್ನ ಬೆರಳುಗಳು ಹೋದದ್ದರಲ್ಲಿ ನನ್ನ ಕೈವಾಡವಿದೆ. ನೀನು ತಡವಾಗಿ ಹೇಳಿದ್ದರಿಂದ ಅಲ್ಲ. ನೀನು ಹೊತ್ತಿಗೆ ಸರಿಯಾಗಿ ಬಂದಿದ್ದೆ, ಹೇಳಬೇಕಾದ್ದೆಲ್ಲ ಹೇಳಿದ್ದೆ. ನಾನು ನಿನಗೊಂದು ಮಾತ್ರೆ ಕೊಟ್ಟು, ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದು, ನಿನ್ನನ್ನು ವಾಪಸ್ ಲೈನಿಗೆ ಕಳಿಸಿದೆ. ಎರಡೂವರೆ ಗಂಟೆ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ ಬೆರಳುಗಳು ಉಳಿಯುತ್ತಿದ್ದವೋ ಇಲ್ಲವೋ ಯಾರೂ ಖಚಿತವಾಗಿ ಹೇಳಲಾರರು — ಈ ಒಂದು ಮಾತಿನ ಹಿಂದೆ ನಾನು ಆರು ವರ್ಷ ಅಡಗಿ ಕೂತಿದ್ದೇನೆ.

ದೊಡ್ಡನೆಕ್ಕುಂದಿಯ ನಮ್ಮ ಕಾರ್ಖಾನೆಯ ಮೆಡಿಕಲ್ ರೂಮು ನಿನಗೆ ಗೊತ್ತು. ಒಂದು ಮಂಚ, ಒಂದು ಬಿಪಿ ಯಂತ್ರ, ಜ್ವರದ ಮಾತ್ರೆಯ ಡಬ್ಬ, ಬಂದವರ ವಿವರ ಬರೆಯುವ ಒಂದು ಪುಸ್ತಕ, ನರ್ಸಾಗಿ ನಾನು. ಗೋಡೆಯ ಮೇಲೆ ‘ಸಾಕಷ್ಟು ನೀರು ಕುಡಿಯಿರಿ’ ಎಂಬ ಪೋಸ್ಟರು. ಅದನ್ನು ಅಂಟಿಸಿದವಳೂ ನಾನೇ. ಕಾರಿನ ವೈರುಗಳನ್ನು ಜೋಡಿಸುವ ನಿಮ್ಮ ಲೈನಿಗೆಲ್ಲ ಸೇರಿ ಟಾಯ್ಲೆಟ್ಟಿಗೆ ಹೋಗಲು ಇದ್ದದ್ದು ಕೊರಳಿಗೆ ಹಾಕಿಕೊಳ್ಳುವ ಒಂದೇ ಪಾಸು. ಅದು ಸಿಗುವುದಿಲ್ಲವೆಂದು ನೀವೆಲ್ಲ ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ಊಟದ ಹೊತ್ತಿನವರೆಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಆ ದಿನದ ನೆನಪು ನನ್ನಲ್ಲಿ ಒಂದಲ್ಲ, ಹಲವಿವೆ. ಒಂದರಲ್ಲಿ ನೀನು ಬಾಗಿಲಲ್ಲಿ ನಿಂತಿದ್ದೀಯ, ಇನ್ನೊಂದರಲ್ಲಿ ಆಗಲೇ ಮಂಚದ ಮೇಲೆ ಕೂತಿದ್ದೀಯ. ಒಂದರಲ್ಲಿ ನನಗೆ ಆಗಲೇ ಅನುಮಾನ ಬಂದಿದೆ, ಇನ್ನೊಂದರಲ್ಲಿ ಏನೂ ಗೊತ್ತಿಲ್ಲದ ಪಾಪದವಳು ನಾನು. ಎರಡನೆಯದನ್ನು ನಾನೇ ಆಮೇಲೆ ಕೂತು ಹೊಲಿದಿರಬೇಕು, ಅಷ್ಟು ಸಲೀಸಾಗಿದೆ ಅದು. ನಂಬಬಹುದಾದದ್ದು ಒಂದೇ: ನಿನ್ನ ಕೈ ಬೆಚ್ಚಗಿತ್ತು. ಅದನ್ನು ನೆನಪಿಟ್ಟುಕೊಂಡಿರುವುದು ನನ್ನ ತಲೆಯಲ್ಲ, ನನ್ನ ಅಂಗೈ.

“ಏನೇ ಮಂಗಳಾ, ಮದುವೆ ಹೆಣ್ಣಿನ ತರ ಕೆಂಪಗಾಗಿದೀಯ?” ಎಂದೆ.

“ಸುಮ್ಕಿರಿ ಸಿಸ್ಟರ್. ಬೆಳಿಗ್ಗೆ ಬಸ್ಸಲ್ಲಿ ಅಲ್ಲು ಕಟಕಟ ಅಂತಿತ್ತು, ಈಗ ನೋಡುದ್ರೆ ಮೈಯೆಲ್ಲ ಕೆಂಡ. ಸೊಂಟದ್ ಪಕ್ಕ ನೋವು. ಒಂದಕ್ಕೋದ್ರೆ ಉರಿ, ನಾಕ್ ದಿನ ಆಯ್ತು.”

ಹೇಳಿದ್ದೆ, ಮಂಗಳಾ. ನೀನು ಹೇಳಿದ್ದೆ. ನಾಲ್ಕು ದಿನದ ಉರಿಯನ್ನು ನಾಚಿಕೆಗೆ ಮುಚ್ಚಿಟ್ಟೆ ಎಂದು ಈಗ ನೀನು ಎಲ್ಲರೆದುರು ಹೇಳಿಕೊಳ್ಳುತ್ತೀಯಲ್ಲ — ಆ ಬೆಳಗನ್ನು ಜ್ವರ ನಿನ್ನ ತಲೆಯಿಂದ ಅಳಿಸಿಬಿಟ್ಟಿದೆ. ನಿನ್ನ ಮರೆವನ್ನು ನಾನು ತಿದ್ದಲಿಲ್ಲ. ನನಗೆ ಅನುಕೂಲವಾಗಿತ್ತು.

ನಾಡಿ ಹಿಡಿದೆ. ಬೆರಳನ್ನು ಒಳಗಿನಿಂದ ಗುದ್ದುವ ಹಾಗೆ ಹೊಡೆಯುತ್ತಿತ್ತು. ಯಂತ್ರದ ಪಟ್ಟಿ ಕಟ್ಟಿ ಒತ್ತಿದೆ. ನೂರಾ ಎರಡು, ಕೆಳಗೆ ನಲವತ್ನಾಲ್ಕು. ಪಟ್ಟಿ ಸಡಿಲವಿರಬೇಕೆಂದು ಮತ್ತೆ ಕಟ್ಟಿದೆ. ತೊಂಬತ್ತೆಂಟು, ಕೆಳಗೆ ನಲವತ್ತೊಂದು. ನಿನ್ನ ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ. ಬಿಡುವಷ್ಟರಲ್ಲಿ ಕೆಂಪು ಮರಳಿ ಬಂತು. ನೋಡಿ ಖುಷಿಪಟ್ಟೆ — ಹೌದು, ಖುಷಿಪಟ್ಟೆ. ನೆತ್ತರು ಬೆರಳ ತುದಿಯವರೆಗೆ ಚೆನ್ನಾಗಿ ಹರಿಯುತ್ತಿದೆ, ಯಂತ್ರದ್ದೇ ಏನೋ ಗೋಳು. ಅಪಾಯದಲ್ಲಿರುವ ರೋಗಿಯ ಕೈ ತಣ್ಣಗೆ, ಒದ್ದೆಯಾಗಿ ಇರುತ್ತದೆ ಎಂದಲ್ಲವೆ ನಾವು ಕಲಿತದ್ದು?

ಮೂರನೆಯ ಸಲ ನೋಡಲಿಲ್ಲ. ಪುಸ್ತಕದಲ್ಲಿ ನೂರಾಹತ್ತು, ಎಪ್ಪತ್ತು ಎಂದು ಬರೆದೆ. ನಮ್ಮ ರೂಮಿನಲ್ಲಿ ಅದು ಅಳತೆಯಲ್ಲ, ರೂಢಿ. ಗಂಡಸರು ಬಂದರೆ ನೂರಾ ಇಪ್ಪತ್ತು, ಎಂಬತ್ತು. ಹೆಂಗಸರು ಬಂದರೆ ನೂರಾಹತ್ತು, ಎಪ್ಪತ್ತು. ತಲೆನೋವೆಂದು ಬಂದವರಿಗೆ, ಬೆರಳು ಕುಯ್ದುಕೊಂಡು ಬಂದವರಿಗೆ, ಎಲ್ಲರಿಗೂ ಯಂತ್ರ ಹಚ್ಚುವ ಮೊದಲೇ ಪೆನ್ನು ಅದನ್ನು ಬರೆದಿರುತ್ತಿತ್ತು. ನಿನಗೆ ಮಾತ್ರ ಯಂತ್ರ ಹಚ್ಚಿ, ಅದು ಹೇಳಿದ್ದನ್ನು ನೋಡಿ, ಆಮೇಲೆ ಬರೆದೆ.

ಸೂಪರ್‌ವೈಸರ್ ಫೋನ್ ಮಾಡಿದ್ದ. “ಸಿಸ್ಟರ್, ಮಂಗಳಾನ ಬೇಗ ಕಳ್ಸಿ, ಲೈನ್ ನಿಂತೋಗಿದೆ.” ಈ ಫೋನು ನಾನು ಬರೆಯುವ ಮೊದಲು ಬಂತೋ, ಬರೆದ ಮೇಲೋ? ನನ್ನ ನೆನಪಿನಲ್ಲಿ ಮೊದಲೇ ಬರುತ್ತದೆ. ಅಲ್ಲಿಗೆ ಅದನ್ನು ತಂದಿಟ್ಟವಳು ನಾನೇ ಎಂಬ ಗುಮಾನಿ ನನಗೆ. ಹಾಗಾಗಿ ಅವನನ್ನು ಇದರಿಂದ ಬಿಟ್ಟುಬಿಡುತ್ತೇನೆ.

ಒಂದು ಜ್ವರದ ಮಾತ್ರೆ ನುಂಗಿಸಿ, ‘ಕೆಲಸಕ್ಕೆ ಮರಳಬಹುದು’ ಎಂಬ ಚೀಟಿಗೆ ಸಹಿ ಹಾಕಿ ಕೊಟ್ಟೆ. ತೆಗೆದುಕೊಳ್ಳುವಾಗ ನಿನ್ನ ಬೆರಳು ನನ್ನ ಬೆರಳಿಗೆ ತಾಗಿತು. ನೀನು ನಗುತ್ತಾ ಅಂದೆ: “ನಿಮ್ ಕೈಯೇ ತಣ್ಣಗೈತಲ್ಲ ಸಿಸ್ಟರ್. ನೀವೇ ಒಂದ್ ಮಾತ್ರೆ ನುಂಗಿ.”

ಆಗ ನಿನ್ನ ಮೈಯೊಳಗೆ ಏನಾಗುತ್ತಿತ್ತು ಎಂಬುದನ್ನು ನಿನಗೆ ಯಾರೂ ವಿವರಿಸಿಲ್ಲ. ಮೂತ್ರದ ಸೋಂಕು ನೆತ್ತರಿಗೆ ಇಳಿದಿತ್ತು. ಸೋಂಕಿನ ಹೊಡೆತಕ್ಕೆ ರಕ್ತನಾಳಗಳೆಲ್ಲ ಬಿಗಿ ಕಳೆದುಕೊಂಡು ಸಡಿಲವಾಗುತ್ತಿದ್ದವು. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಹೇಗೆ? ಕೆಳಗಿನ ಮನೆಯ ನಲ್ಲಿ ಭೋರ್ಗರೆಯುತ್ತದೆ, ಮೇಲಿನ ಮನೆಯವರಿಗೆ ಬರೀ ಗಾಳಿ. ಹಾಗೆ ನಿನ್ನ ಚರ್ಮಕ್ಕೆ ನೆತ್ತರು ನುಗ್ಗುತ್ತಿತ್ತು, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ಒಳಗೆ ಮೂತ್ರಪಿಂಡ ಬಾಯಾರಿ ಕೂತಿತ್ತು. ಆ ಕೊರತೆ ತುಂಬಿಸಿಕೊಡಲೆಂದು ಹೃದಯ ಓಡುತ್ತಿತ್ತು, ಅದಕ್ಕೇ ನಾಡಿಗೆ ಆ ಗುದ್ದು. ನಾಳಗಳು ಹಿಡಿತ ಬಿಟ್ಟಿವೆ ಎಂದು ಹೇಳುತ್ತಿದ್ದದ್ದು ನಲವತ್ತರ ಹತ್ತಿರಕ್ಕೆ ಕುಸಿದಿದ್ದ ಆ ಕೆಳಗಿನ ಅಂಕಿ ಒಂದೇ. ತಣ್ಣಗಾಗುವ ಮೊದಲು ಹೀಗೊಂದು ಬೆಚ್ಚನೆಯ ಹೊತ್ತು ಇರುತ್ತದೆ. ಎಲ್ಲರಿಗೂ ಇರುವುದಿಲ್ಲ, ಇದ್ದರೂ ಬಹಳ ಹೊತ್ತು ಇರುವುದಿಲ್ಲ. ಇದನ್ನು ನನಗೆ ನರ್ಸಿಂಗ್ ಓದುವಾಗ ಕಲಿಸಿದ್ದರೋ ಇಲ್ಲವೋ? ಈಗ ನೆನೆದರೆ ಪಾಠದ ಆ ಸಾಲು ಗೆರೆ ಎಳೆದು ಕಾಣುತ್ತದೆ. ಗೆರೆ ಎಳೆದದ್ದು ಆಗಲೋ, ಭಯ ಆಮೇಲೆ ಎಳೆಯಿತೋ...

ಊಟದ ಗಂಟೆಯಾದ ಮೇಲೆ ಇಬ್ಬರು ಹೆಂಗಸರು ನಿನ್ನನ್ನು ತೋಳು ಹಿಡಿದು ಎಳೆದು ತಂದರು. ವೈರಿನ ತುದಿಯನ್ನು ಹಿಡಿಯಲಾಗದೆ ಮತ್ತೆ ಮತ್ತೆ ಬೀಳಿಸುತ್ತಿದ್ದಳು, ಆಮೇಲೆ ತಾನೇ ಬಿದ್ದಳು ಎಂದರು. ಕೈ ಮುಟ್ಟಿದೆ. ಅದು ಅದೇ ಕೈಯಲ್ಲ. ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಸೀರೆ ಸರಿಸಿದರೆ ಮೊಣಕಾಲ ಸುತ್ತ ಚರ್ಮದ ಮೇಲೆ ನೀಲಿ ಗೆರೆಗಳ ಬಲೆ ಹರಡಿತ್ತು. ಅದೇ ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ. ಬಿಳಿಚಿಕೊಂಡದ್ದು ಬಿಳಿಚಿಕೊಂಡೇ ಇತ್ತು. ಎಣಿಸತೊಡಗಿದೆ — ನಾಲ್ಕು, ಐದು, ಆರು — ಎಣಿಸುವುದನ್ನು ನಿಲ್ಲಿಸಿ ಆಂಬುಲೆನ್ಸಿಗೆ ಕೂಗಿದೆ. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ.

ಔಟರ್ ರಿಂಗ್ ರೋಡಿನಲ್ಲಿ ಆಂಬುಲೆನ್ಸು ನಿಂತಲ್ಲೇ ಅರಚುತ್ತಿತ್ತು. ನಿನ್ನ ಎರಡೂ ಕೈಗಳನ್ನು ನನ್ನ ಕೈಗಳ ನಡುವೆ ಉಜ್ಜುತ್ತಿದ್ದೆ. ನೀನು ಕಣ್ಣು ಬಿಟ್ಟು ಕೇಳಿದೆ: “ಸಿಸ್ಟರ್, ನನ್ ಕೈ ಎಲ್ಲೋಯ್ತು?”

ಇದೂ ನಿನಗೆ ನೆನಪಿಲ್ಲ. ನಾನು ಇದನ್ನು ಈಗಲೂ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಹಾಡಹಗಲಲ್ಲಿ ಕೇಳಿಸಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಡಾಕ್ಟರು ನಿನಗೆ ಸೂಜಿ ಚುಚ್ಚುತ್ತಲೇ ಕೇಳಿದರು, “ಬೆಳಿಗ್ಗೆ ನೋಡಿದ್ರಲ್ಲ ಸಿಸ್ಟರ್, ಬಿಪಿ ಎಷ್ಟಿತ್ತು?”

“ನೂರಾಹತ್ತು, ಎಪ್ಪತ್ತು, ಡಾಕ್ಟ್ರೇ. ಎಲ್ಲಾ ನಾರ್ಮಲ್ ಇತ್ತು.”

ಪುಸ್ತಕದಲ್ಲಿ ಬರೆದದ್ದು ಸೋಮಾರಿತನ, ಭಂಡತನ, ಏನಾದರೂ ಇರಲಿ. ಇದು ಹಾಗಲ್ಲ. ನಿನ್ನ ಜೀವ ಅವರ ಕೈಯಲ್ಲಿದ್ದಾಗ, ಸರಿಯಾದ ಉತ್ತರ ನನ್ನ ನಾಲಿಗೆಯ ಮೇಲಿದ್ದಾಗ, ಬೇಕೆಂದೇ ಹೇಳಿದ ಸುಳ್ಳು. “ಇಷ್ಟು ಬೇಗ ಇಳೀತಾ?” ಎಂದು ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಅಷ್ಟೇ. ನೀನು ಬದುಕಿದೆ. ನೆತ್ತರು ತಲುಪದೆ ಬೆರಳ ತುದಿಗಳು ಸುಟ್ಟ ಬತ್ತಿಯ ಹಾಗೆ ಕಪ್ಪಾದವು. ಬಲಗೈಯಲ್ಲಿ ಮೂರನ್ನು, ಎಡಗೈಯಲ್ಲಿ ಎರಡನ್ನು ತೆಗೆದರು.

ಆಮೇಲೆ ನೀನು ನನ್ನನ್ನು ದೇವರು ಮಾಡಿದೆ. ಗೌರಿ ಹಬ್ಬಕ್ಕೆ ಮನೆಗೆ ಕರೆದು, ಉಳಿದ ಬೆರಳಿನಲ್ಲಿ ನನ್ನ ಹಣೆಗೆ ಕುಂಕುಮ ಇಟ್ಟೆ. “ಈ ಸಿಸ್ಟರ್ ಇಲ್ದಿದ್ರೆ ನಾನು ಗೋಡೆ ಮ್ಯಾಲೆ ಫೋಟೋ ಆಗೋಗಿರ್ತಿದ್ದೆ” ಎಂದು ಬಂದವರಿಗೆಲ್ಲ ತೋರಿಸಿದೆ. ನಿನ್ನ ಅತ್ತೆ ಒಳಗಿನಿಂದಲೇ ಚುಚ್ಚಿದರು: “ಊರಿಗೆಲ್ಲ ಮಾತಾಡ್ತಾಳೆ. ತನ್ ಉರಿ ಬಾಯ್ಬುಟ್ಟು ಯೋಳಕ್ಕೆ ಏನ್ ರೋಗ ಬಂದಿತ್ತು?” ನೀನು ನಕ್ಕು ಅಂದೆ, “ನಂದೇ ತಪ್ಪು ಬುಡತ್ತೆ.” ನಾನು ತಲೆ ತಗ್ಗಿಸಿ ಒಬ್ಬಟ್ಟು ತಿನ್ನುತ್ತಿದ್ದೆ. ಒಂದು ವರ್ಷವಲ್ಲ, ಐದು ಗೌರಿ ಹಬ್ಬ ತಿಂದೆ.

ಇನ್ನೂ ಎಷ್ಟು ತಿನ್ನುತ್ತಿದ್ದೆನೋ. ಕಳೆದ ಗುರುವಾರ ನಿನ್ನ ಮಗಳು ಕಾವ್ಯ ನನ್ನ ರೂಮಿಗೆ ಬಂದಳು. ನಿನ್ನದೇ ಲೈನು, ಕೊರಳಲ್ಲಿ ಅದೇ ಪಾಸು. “ಮೈ ಬಿಸಿ ಆಂಟಿ” ಎಂದು ಕೈ ಚಾಚಿದಳು. “ಅಮ್ಮ ಹೇಳಿದಾರೆ, ಏನೇ ಆದ್ರೂ ಸಿಸ್ಟರ್ ಹತ್ರ ಹೋಗು, ಕೈ ಮುಟ್ಟಿದ್ರೇ ಅವರಿಗೆ ಗೊತ್ತಾಗುತ್ತೆ ಅಂತ.”

ಬೆಚ್ಚಗಿತ್ತು. ಐದು ಸಲ ಬಿಪಿ ನೋಡಿದೆ. ಐದು ಸಲವೂ ಸರಿಯಾಗೇ ಇತ್ತು, ನಾನು ಯಂತ್ರವನ್ನು ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಮಾಮೂಲಿ ನೆಗಡಿ ಜ್ವರ. ಹುಡುಗಿ ನನ್ನನ್ನು ನೋಡಿ ನಗುತ್ತಿದ್ದಳು. ಅವಳು ನಂಬಿಕೊಂಡು ಬಂದದ್ದು ನನ್ನ ಸುಳ್ಳನ್ನು, ಮಂಗಳಾ.

ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ ಆ ಹಳೆಯ ಬಿಪಿ ಯಂತ್ರವನ್ನು ನಾನು ಮನೆಗೆ ಒಯ್ದಿದ್ದೆ, ಕೆಟ್ಟಿದೆ ಎಂದು ಹೇಳಿ. ನೋಡಿದ ಅಂಕಿಗಳನ್ನು ಅದು ತನ್ನೊಳಗೆ ಉಳಿಸಿಕೊಳ್ಳುತ್ತದೆಂದು ಗೊತ್ತಿತ್ತು. ಅಳಿಸಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಸೀರೆಗಳ ಕೆಳಗಿತ್ತು. ಗುರುವಾರ ಹೊಸ ಸೆಲ್ಲು ಹಾಕಿ ನೋಡಿದೆ. ಆ ದಿನದ ಎರಡೂ ಅಂಕಿಗಳು ಇವೆ. ನನ್ನ ನೆನಪಿನ ಹಾಗೆ ಮಾತು ಬದಲಿಸಲು ಅದಕ್ಕೆ ಬರುವುದಿಲ್ಲ.

ಭಾನುವಾರ ಬರುತ್ತೇನೆ. ನೀನು ಬೈದರೆ ಎಂಬ ಭಯಕ್ಕಿಂತ, “ಓಗ್ಲಿ ಬುಡಿ ಸಿಸ್ಟರ್” ಎಂದುಬಿಟ್ಟರೆ ಎಂಬ ಭಯ ದೊಡ್ಡದು. ಹಾಗೆ ಅನ್ನಬೇಡ. ಮಂಗಳಾ ಬಾಯಿಬಿಟ್ಟು ಹೇಳಿದ್ದಳು ಎಂದು ನಿನ್ನ ಅತ್ತೆಯ ಎದುರಿಗೇ ಹೇಳುತ್ತೇನೆ. ಕಾವ್ಯ ಕೇಳಿಸಿಕೊಳ್ಳಲಿ. ಸೋಮವಾರ ಕಾರ್ಖಾನೆಯಲ್ಲೂ, ಆಸ್ಪತ್ರೆಯ ಆ ಡಾಕ್ಟರ ಎದುರಲ್ಲೂ ಇದನ್ನೇ ಹೇಳುತ್ತೇನೆ. ಅವರು ನನ್ನನ್ನು ಏನು ಬೇಕಾದರೂ ಮಾಡಲಿ.

ಯಂತ್ರವನ್ನು ನಿನ್ನ ಮಡಿಲಲ್ಲಿ ಇಡುತ್ತೇನೆ. ಹಳೆಯ ಅಂಕಿ ಕಾಣಬೇಕಾದರೆ ಒಂದು ಸಣ್ಣ ಗುಂಡಿ ಒತ್ತಬೇಕು, ಉಗುರಿನಷ್ಟೇ ಅಗಲದ್ದು. ನಿನಗೆ ಆಗದಿದ್ದರೆ — ನಾನು ಒತ್ತುತ್ತೇನೆ.