ಕಿಟಕಿ ಕೊಟ್ಟ ಹೊಂಬಣ್ಣ

“ಅಕ್ಕ, ನಮ್ಮ ಮೊಮ್ಮಗಳು ಹೊಂಬಣ್ಣ ಕಣೇ! ಬಂದು ನೋಡು” ಎಂದು ಭದ್ರಾವತಿಯಿಂದ ತಂಗಿ ಶಾರದೆ ಫೋನ್ ಮಾಡಿದಳು. ಶಿವಮೊಗ್ಗದ ವಿದ್ಯಾನಗರದಲ್ಲಿ ಬಸ್ ಹತ್ತಿದೆ. (ಚೀಲದಲ್ಲಿ ಬಾಣಂತಿಗೆಂದು ಬೆಳ್ಳುಳ್ಳಿ ಚಟ್ನಿಪುಡಿ. ಬರಿಗೈಲಿ ಮಗು ನೋಡಲಾದೀತೇ?)

ಬಾಣಂತಿ ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಶಾರದೆ ಆಸೆಪಟ್ಟು ಹಾಕಿಸಿದ ಹಳದಿ ಗಾಜು. ಮಟಮಟ ಮಧ್ಯಾಹ್ನವೂ ಒಳಗೆ ಸಂಜೆ. ಗಾಳಿ ಸೋಕಬಾರದೆಂದು ಬಾಣಂತನ ಶುರುವಾದ ಮೇಲೆ ಅದನ್ನು ತೆರೆದೇ ಇಲ್ಲ. ಬಂದವರೆಲ್ಲ ಅಲ್ಲೇ ಕೂತು ಮಗು ನೋಡಿ, “ಹೊಂಬಣ್ಣ” ಎಂದು ದೃಷ್ಟಿ ನಿವಾಳಿಸಿ ಹೋಗಿದ್ದರು.

ನಾನೂ ಅಂದೆ. ಆಮೇಲೆ ಗಮನಿಸಿದೆ. ಕೂಸಿಗೆ ಸುತ್ತಿದ್ದ ಬಿಳಿ ಬಟ್ಟೆಯೂ ಹೊಂಬಣ್ಣ!

“ದೊಡ್ಡಮ್ಮ, ಹಾಲಿಗೂ ಏಳ್ತಿಲ್ಲ ಇವಳು. ಎಬ್ಬಿಸಿದ್ರೂ ಮತ್ತೆ ನಿದ್ದೆ” ಎಂದಳು ಶಾರದೆಯ ಮಗಳು, ಬಾಣಂತಿ ದಿವ್ಯ.

“ಅಳದೇ ಇರೋ ಮಗು ಸಿಗಕ್ಕೆ ಪುಣ್ಯ ಮಾಡಿರ್ಬೇಕು ಮಾರಾಯ್ತಿ. ನಿನ್ನ ಹೆತ್ತು ನಾನು ಕಣ್ಣೇ ಮುಚ್ಚಿರ್ಲಿಲ್ಲ” ಎಂದು ಶಾರದೆ ನಕ್ಕಳು.

ನನಗೆ ನಗು ಬರಲಿಲ್ಲ. ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ.

“ಅಕ್ಕ, ಬೇಡ! ಶೀತ ಆಗುತ್ತೆ ಕೂಸಿಗೆ!”

“ಒಂದು ನಿಮಿಷ ಸುಮ್ನಿರು.”

ತೆರೆದೆ. ಹಗಲು ಒಳಗೆ ಬಿತ್ತು. ಬಟ್ಟೆ ಬೆಳ್ಳಗಾಯಿತು. ಮಗು ಮಾತ್ರ ಬೆಳ್ಳಗಾಗಲಿಲ್ಲ.

ಮುಖ, ಎದೆ, ಅಂಗಾಲು. ರೆಪ್ಪೆ ಬಿಡಿಸಿದರೆ ಕಣ್ಣಿನ ಬಿಳಿಯೂ ಅರಿಶಿನ. ಶಾರದೆ ಸೆರಗಿನಿಂದ ಕೂಸಿನ ಕೆನ್ನೆ ಒರೆಸಿದಳು, ಬಣ್ಣ ಸೆರಗಿಗೆ ಬಂದೀತೇನೋ ಎಂಬಂತೆ.

ಕಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೊರಟೆವು. ಒಮ್ಮೆಯಾದರೂ ಅಳಲಿ ಎಂದು ನಾನು ಅಂಗಾಲು ಗಿಲ್ಲುತ್ತಲೇ ಇದ್ದೆ. ಅಳಲಿಲ್ಲ.

“ಕಾಮಾಲೆ ಜಾಸ್ತಿ ಇದೆ. ಮಿದುಳಿಗೆ ಏರಬಾರ್ದು, ಅದೇ ಭಯ” ಎಂದರು ಡಾಕ್ಟರಮ್ಮ.

ಈಗ ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕಾಮಾಲೆ ಇಳಿಸುವ ನೀಲಿ ಲೈಟಿನ ಕೆಳಗೆ ಮಲಗಿದೆ. ಹೊರಗೆ ನಿಂತು ಇಣುಕಿದರೆ ಎಲ್ಲವೂ ನೀಲಿ. ಹಳದಿ ಇಳಿಯಿತೋ ಏರಿತೋ, ನಮ್ಮ ಕಣ್ಣಿಗೆ ಹೇಗೆ ತಿಳಿಯಬೇಕು?

ನಮ್ಮೂರ ಗಾಂಧಿ ಬಜಾರಿನಲ್ಲಿ ಸೀರೆ ಕೊಳ್ಳುವಾಗ ಟ್ಯೂಬ್‌ಲೈಟನ್ನು ನಂಬುತ್ತೇವೆಯೇ? ಬಾಗಿಲಿಗೆ ತಂದು, ಹಗಲಿಗೆ ಹಿಡಿದು, “ಹಾಂ, ಇದು ನಿಜವಾದ ಕಲರ್” ಎನ್ನುತ್ತೇವೆ. (ಅಂಗಡಿಯವರೂ ಬೇಡವೆನ್ನುವುದಿಲ್ಲ.) ಕೂಸನ್ನು ಮಾತ್ರ ಯಾರೂ ಬಾಗಿಲಿಗೆ ತಂದಿರಲಿಲ್ಲ.

ಮನೆಗೆ ಬಂದು ಇದನ್ನು ಬರೆಯುತ್ತಿರುವಾಗಲೇ ಆಸ್ಪತ್ರೆಯಿಂದ ಶಾರದೆಯ ಫೋನ್. “ಅಕ್ಕ, ಹಾಲು ಕುಡಿಸಕ್ಕೆ ಕೊಟ್ಟಿದ್ದಾರೆ. ಎತ್ಕೊಂಡಿದ್ದೀನಿ. ಬಣ್ಣ ಇಳಿದಿದೆ ಅನ್ಸುತ್ತೆ ಕಣೇ!”

ಖುಷಿಪಡುವ ಮೊದಲೇ ಕೇಳಿದೆ.

“ಎಲ್ಲಿ ನಿಂತು ನೋಡ್ತಿದ್ದೀಯ, ಶಾರದೆ?”