ನಿಲ್ಲಿಸಿದರೆ ಮಕ್ಕಳು ಓಡುತ್ತಾರೆ

ಮಳವಳ್ಳಿ ರಸ್ತೆಯಲ್ಲಿರುವ ನಮ್ಮ ಸಣ್ಣ ಚರ್ಚಿಗೆ ಇರುವುದು ಒಂದೇ ಬಾಗಿಲು. ಕ್ರಿಸ್ಮಸ್ ಆರಾಧನೆಯಲ್ಲಿ ನಮ್ಮ ಗಾಯನ ತಂಡ ಎರಡನೆಯ ಹಾಡು ಶುರುಮಾಡಿದಾಗ ಆ ಬಾಗಿಲ ಮೇಲೆ ಮೊದಲ ದೊಣ್ಣೆಯೇಟು ಬಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

“ತೆಗೀರ್ಲಾ ಬಾಗ್ಲ. ಅದ್ಯಾವ ಪದ ಏಳ್ತೀರೋ ನಾವೂ ಕೇಳ್ತೀವಿ,” ಎಂದು ಹೊರಗೊಬ್ಬ ಕೂಗಿದ.

ಕೆಳದನಿಯಲ್ಲಿ ಹಾಡುವ ನಮ್ಮ ಮೂವರು ಗಂಡಸರು ಹಾಡು ಬಿಟ್ಟು ಓಡಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. “ಪದ ಕೇಳಕ್ ಬರೋರು ದೊಣ್ಣೆ ತತ್ತಾರೇನ್ಲಾ?” ಎಂದರು ಅವರಲ್ಲಿ ಹಿರಿಯರು, ನಮಗೆ ಹಾಡು ಕಲಿಸುವ ಟೀಚರ ಗಂಡ. ಹಲಗೆ ಸೀಳಿಕೊಂಡು ಬಂದ ಹಾರೆ ಅವರ ಭುಜಕ್ಕೆ ನಾಟಿತು.

ಮುಂದೆ ಚಾಪೆಯ ಮೇಲಿದ್ದ ಮಕ್ಕಳು ಎದ್ದುನಿಂತರು. ಹೆದರಿದ ಮಕ್ಕಳು ಓಡುವುದು ಬಾಗಿಲಿಗೇ, ಅದರಾಚೆ ಮಚ್ಚು ಹಿಡಿದವರಿದ್ದರು. ಟೀಚರ್ ತಮ್ಮ ಗಂಡನತ್ತ ಒಮ್ಮೆ ನೋಡಿ ನಮ್ಮ ಕಡೆ ತಿರುಗಿದರು.

“ನಿಲ್ಲುಸ್ಬೇಡಿ ಕಣ್ರಮ್ಮ. ನಿಲ್ಲುಸುದ್ರೆ ಮಕ್ಳು ಓಡ್ತವೆ.”

ಹಾಡು ಮುಗಿದಾಗ ಮತ್ತೆ ಮೊದಲ ಚರಣ ಹಿಡಿದೆವು. ನನ್ನಲ್ಲಿ ಆಗ ಭಕ್ತಿಯೇನೂ ಇರಲಿಲ್ಲ. ಬಾಯಿ ಒಣಗಿ ಸ್ವರ ಎತ್ತಲೋ ಹೋಗುತ್ತಿತ್ತು. ಆದರೂ ಮಕ್ಕಳು ಒಬ್ಬೊಬ್ಬರಾಗಿ ಕೂತು ತಮಗೆ ಬರುವ ಸಾಲುಗಳಿಗೆ ದನಿ ಸೇರಿಸಿದರು. ಕಿಟಕಿಯ ಗಾಜು ತಲೆಯ ಮೇಲೆ ಉದುರಿದಾಗಲೂ ಏಳಲಿಲ್ಲ.

ಪೊಲೀಸ್ ಜೀಪು ಬಂದು ಏಟು ನಿಂತ ಮೇಲೂ ನಾವು ಹಾಡುತ್ತಲೇ ಇದ್ದೆವು. ಸಾಕೆಂದು ಸನ್ನೆ ಮಾಡಬೇಕಾದ ಟೀಚರ್, ನೆತ್ತರು ಹರಿಯುತ್ತಿದ್ದ ಗಂಡನ ಭುಜವನ್ನು ಸೆರಗಿನಿಂದ ಒತ್ತಿ ಹಿಡಿದಿದ್ದರು.

ಪುಟ್ಟ ಹುಡುಗಿಯೊಬ್ಬಳು ನನ್ನ ಸೀರೆ ಜಗ್ಗಿದಳು. “ಅಕ್ಕಾ, ಸಾಕು ಬುಡಿ. ಅವ್ರು ಒಂಟೋದ್ರು.”

ನಾನು ಅವಳ ಕೈ ಬಿಗಿಯಾಗಿ ಹಿಡಿದುಕೊಂಡೆ. ಬಾಯಿ ಮುಚ್ಚಲು ಮಾತ್ರ ಧೈರ್ಯ ಬರಲಿಲ್ಲ.